ಎಡಕ್ಕೆ ತಿರುಗುವ ಲೆನ್ಸ್

“ಸ್ವಲ್ಪ ಸರೀತೀರಾ? ನಿಮ್ಮ ಚೀಲಗಳೇ ಅರ್ಧ ಫೋಟೊ ತುಂಬ್ಕೊಂಡಿವೆ!”

ಮದುವೆ ಮನೆಯ ಗದ್ದಲದಲ್ಲಿ ಅವಳು ಸಿಡುಕಿದಾಗ ಅವನು ತಿರುಗಿ ನೋಡಿದ. ಹೆಗಲ ಮೇಲೆ ಮೂರು ಚೀಲ. ಮೂರರಲ್ಲೂ ಬೇರೆ ಬೇರೆ ಕಂಪನಿಯ ಕ್ಯಾಮೆರಾ. ಮುಖಗಳಿಗೊಂದು, ಕಟ್ಟಡಗಳಿಗೊಂದು, ಹಕ್ಕಿಗಳಿಗೊಂದು. ಅವಳ ಕೊರಳಲ್ಲಿ ಎಲ್ಲಕ್ಕೂ ಸೇರಿ ಒಂದೇ.

“ಮದುವೆಗೆ ಹಕ್ಕಿ ಬರುತ್ತಾ?”

“ಬಂದ್ಬಿಟ್ರೆ?”

ನಗಬಾರದು ಅಂದುಕೊಂಡಳು... ನಕ್ಕುಬಿಟ್ಟಳು.

ಅಂದಿನಿಂದ ಅವನು ‘ಮೂರು ಚೀಲ’. ಅವಳು ‘ಒಂದೇ ಕ್ಯಾಮೆರಾ ಮೇಡಂ’.

ಒಂದೇ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಜಗಳ ಮುಗಿಯಲಿಲ್ಲ.

“ಎಲ್ಲದಕ್ಕೂ ಒಂದೇ ಅಂದ್ರೆ ಯಾವುದೂ ಪೂರ್ತಿ ಚೆನ್ನಾಗಿ ಬರಲ್ಲ.”

“ಯಾವುದನ್ನೂ ಪೂರ್ತಿ ನಂಬದವರ ಮಾತಿದು!”

ಹೇಳಿದ್ದು ಕ್ಯಾಮೆರಾದ ಬಗ್ಗೆ. ಅವಳ ಮನಸ್ಸು ಕೇಳುತ್ತಿದ್ದದ್ದು ಬೇರೆ... ಕೆಲಸಕ್ಕೆ ತಕ್ಕಂತೆ ಕ್ಯಾಮೆರಾ ಬದಲಿಸುವವನು ನನ್ನನ್ನೂ ಒಂದು ದಿನ ಚೀಲಕ್ಕೆ ಹಾಕಿ ಮುಚ್ಚಿಟ್ಟರೆ?

ಗ್ರಂಥಾಲಯದ ಕಟ್ಟಡದ ಫೋಟೊ ತೆಗೆಯಲು ಹೋದ ದಿನ ಅವಳು ಏಣಿಯ ಮೇಲಿದ್ದಳು. ಕೆಳಗಿದ್ದ ಅವನಿಗೆ ಕ್ಯಾಮೆರಾ ಕೊಟ್ಟು, “ಅಪ್ಪನ ಲೆನ್ಸ್ ಹಾಕ್ಕೊಡಿ” ಎಂದಳು. ತೀರಿಹೋದ ಅಪ್ಪ ಅವಳಿಗೆ ಬಿಟ್ಟುಹೋಗಿದ್ದು ಅದೊಂದನ್ನೇ.

ಅವಳ ಕ್ಯಾಮೆರಾದಲ್ಲಿ ಲೆನ್ಸ್ ಎಡಕ್ಕೆ ತಿರುಗಿಸಿದರೆ ಬಿಗಿ. ಅವನ ಮೂರರಲ್ಲೂ ಬಲಕ್ಕೆ. ಅವನ ಕೈ ಅಭ್ಯಾಸದಂತೆ ಬಲಕ್ಕೆ ಹೊರಳಿತು. ಕೂತಿತೆಂದುಕೊಂಡು ಲೆನ್ಸಿನಿಂದ ಕೈ ತೆಗೆದ.

ಕಲ್ಲಿನ ಮೆಟ್ಟಿಲ ಮೇಲೆ ಗಾಜು ಬಿರಿದ ಸದ್ದು.

“ಯಾವುದೂ ನಿಮ್ಮದಲ್ಲ... ಅದಕ್ಕೇ ಯಾವುದೂ ನಿಮ್ಮ ಕೈಯಲ್ಲಿ ನಿಲ್ಲಲ್ಲ!”

ಅವನು ಒಡಕು ಲೆನ್ಸನ್ನು ಎತ್ತಿ ಏಣಿಯ ಪಕ್ಕದಲ್ಲಿಟ್ಟು ಹೊರಟುಹೋದ. ಮರುದಿನದಿಂದ ಸ್ಟುಡಿಯೊ ಕಡೆ ಸುಳಿಯಲಿಲ್ಲ.

ಮೊದಲು ಅವಳಿಗೆ ಕೋಪವಿತ್ತು. ಆಮೇಲೆ ಅದೂ ಇಲ್ಲ. ಅವನು ಕೂರುತ್ತಿದ್ದ ಕುರ್ಚಿಯ ಸುತ್ತ ಮೌನ ಮಾತ್ರ ದಟ್ಟವಾಗುತ್ತಾ ಹೋಯಿತು.

“ಬಿದ್ದಿದ್ದು ಅಪ್ಪನ ಲೆನ್ಸ್ ಕಣೇ, ಅಪ್ಪ ಅಲ್ಲ” ಎಂದಳು ಅಮ್ಮ, ಮಗಳ ಮುಂದಿನ ಮುಟ್ಟದ ತಟ್ಟೆ ಎತ್ತುತ್ತಾ. “ಅವರಿದ್ದಿದ್ರೆ ಮೊದಲು ಆ ಹುಡುಗ ಊಟ ಮಾಡಿದ್ನಾ ಅಂತ ಕೇಳ್ತಿದ್ರು.”

ಅವಳು ಹುಡುಕಿಕೊಂಡು ಹೋದಾಗ ಅವನ ಕೋಣೆಯ ಬಾಗಿಲು ತೆರೆದೇ ಇತ್ತು. ಗೋಡೆಯಲ್ಲಿ ಚೀಲಗಳಿಲ್ಲದ ಮೂರು ಬರೀ ಮೊಳೆಗಳು.

“ಊರು ಬಿಟ್ಟು ಹೊರಟ್ರಾ?”

“ಇಲ್ವಲ್ಲ!”

“ಮತ್ತೆ ಚೀಲಗಳು...?”

“ಕೊಟ್ಬಿಟ್ಟೆ.” ಮೇಜಿನ ಮೇಲೆ ಹಳೆಯದೊಂದು ಕ್ಯಾಮೆರಾ ಇತ್ತು. ಅವಳದ್ದೇ ಕಂಪನಿಯದ್ದು. “ಎಡಕ್ಕೆ ತಿರುಗಿಸೋದು ಕಲೀತಿದ್ದೀನಿ. ಕೈ ಇನ್ನೂ ಮರೆಯುತ್ತೆ.”

“ಹಕ್ಕಿಗಳು?”

“ಅಷ್ಟು ದೂರದ್ದು ಇದ್ರಲ್ಲಿ ಸಿಗಲ್ಲ.” ಅವನು ಕಿಟಕಿಯಾಚೆ ನೋಡಿದ. “ಬರಿಗಣ್ಣಲ್ಲಿ ನೋಡ್ತೀನಿ.”

“ಯಾರು ಕೇಳಿದ್ರು ಕೊಡು ಅಂತ? ಹುಚ್ಚ!”

“ಹಕ್ಕಿಗಳನ್ನ ಬಿಡೋಕಾಯ್ತು. ನಿಮ್ಮನ್ನ ಬಿಟ್ಟಿರೋಕೂ ನೋಡ್ದೆ... ಆಗಲಿಲ್ಲ.”

ಅವಳು ತನ್ನ ಕ್ಯಾಮೆರಾವನ್ನೂ ಒಡಕು ಲೆನ್ಸನ್ನೂ ಅವನ ಕೈಗಿತ್ತಳು.

“ಹಾಕಿ.”

ಅವನು ಲೆನ್ಸ್ ಇಟ್ಟು ತಿರುಗಿಸಿದ. ಎಡಕ್ಕೆ... ಟಕ್! ಆದರೂ ಅವನು ಕೈ ಬಿಡಲಿಲ್ಲ. ಅವಳೇ ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು.

ಕಿಟಕಿಯ ಮಂಕು ಬೆಳಕಿನಲ್ಲಿ ಅವನನ್ನು ನಿಲ್ಲಿಸಿ ನೋಡಿದಳು. ಒಡಕಿನಲ್ಲಿ ಬೆಳಕು ಚದುರಿ ಮುಖವೆಲ್ಲ ಹಬ್ಬಿತ್ತು. ಅಪ್ಪನ ಲೆನ್ಸ್ ಇನ್ನೆಂದೂ ಮೊದಲಿನಂತಾಗದು.

“ಮಸುಕಾಗಿದ್ದೀನಾ?”

“ಹೂಂ.”

“ಬೇರೆ ಲೆನ್ಸ್ ಹಾಕ್ಲಾ?”

“ಬೇಡ... ನಾನೇ ಇನ್ನೂ ಹತ್ತಿರ ಬರ್ತೀನಿ.”