ಯಾರಿಗೂ ಬೇಡದ ನೋಟಿನ ಕಟ್ಟು

ಸ್ಟೀವನ್ ಮಥಾಯಸ್‌ನ ಲಾಕರ್ ತೆರೆದಾಗ ಮೊದಲು ಉದುರಿದ್ದು ಒಂದು ಉಣ್ಣೆಯ ಕೈಗವಸು. ಅದರ ಹಿಂದೆಯೇ ರಬ್ಬರ್ ಬ್ಯಾಂಡ್ ಹಾಕಿದ ನೋಟಿನ ಕಟ್ಟು.

ಸ್ಟಾಕ್‌ಹೋಮಿನ ಅಂಚಿನ ಕಿಸ್ಟಾದ ಆ ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಯಾರಿಗೂ ಕೆಲಸದ ಮೇಲೆ ಗಮನವಿರಲಿಲ್ಲ. ಪ್ರಯೋಗಾಲಯದ ಕಪಾಟು ಖಾಲಿಯಾಗಿತ್ತು. ಇನ್ನೂ ಮಾರುಕಟ್ಟೆಗೆ ಬಾರದ ಹೊಸ ಆಂಟೆನಾ ಮಾದರಿಗಳಲ್ಲಿ ಒಂದೂ ಉಳಿದಿರಲಿಲ್ಲ. ಅವನ್ನು ನೋಡಲೆಂದೇ ಜರ್ಮನಿಯಿಂದ ಬಂದ ಗಿರಾಕಿಗಳು ಕೆಳಗೆ ಸ್ವಾಗತ ಕೋಣೆಯಲ್ಲಿ ಕಾಯುತ್ತಿದ್ದರು. ಶನಿವಾರ, ಕಚೇರಿಗೆ ರಜೆಯಿದ್ದಾಗ, ಪ್ರಯೋಗಾಲಯದ ಬಾಗಿಲು ಒಮ್ಮೆ ತೆರೆದಿತ್ತು. ದಾಖಲೆಯ ಪ್ರಕಾರ ತೆರೆದದ್ದು ಸ್ಟೀವನ್‌ನ ಪ್ರವೇಶ ಕಾರ್ಡ್.

ಪೊಲೀಸ್ ಇನ್‌ಸ್ಪೆಕ್ಟರ್ ಇಳಾ ನೋಟಿನ ಕಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಅವಳು ಎಳೆಯ ವಯಸ್ಸಿನಲ್ಲೇ ದಾವಣಗೆರೆಯಿಂದ ಸ್ಟಾಕ್‌ಹೋಮಿಗೆ ಬಂದವಳು. ಸ್ವೀಡಿಷ್ ಕಲಿತದ್ದು ದಾಗಿಸ್ ಎಂಬ ಶಿಶುವಿಹಾರದ ಮಕ್ಕಳ ಜೊತೆ, ಕನ್ನಡ ಅಮ್ಮನ ಬಾಯಿಂದ.

"ಇದು ನಿಮ್ಮದಾ?"

ಸ್ಟೀವನ್‌ನ ಮುಖ ಬಿಳುಚಿತ್ತು. "ಅಲ್ಲ. ನಾನು ಕ್ಯಾಶ್ ಮುಟ್ಟಿ ಎಷ್ಟು ವರ್ಷ ಆಯ್ತೋ ಗೊತ್ತಿಲ್ಲ."

"ಕಾರ್ಡ್?"

"ಶುಕ್ರವಾರ ಫಿಕಾ ಟೈಮಲ್ಲಿ, ಎಲ್ಲರೂ ಕಾಫಿ ಕುಡಿಯೋವಾಗ, ಜಾಕೆಟ್ ಮೇಲೆ ಇತ್ತು. ಮನೆಗೆ ಹೊರಟಾಗ ಇರ್ಲಿಲ್ಲ. ಡೆಸ್ಕಲ್ಲೇ ಬಿಟ್ಟಿರ್ಬೇಕು ಅಂದ್ಕೊಂಡೆ. ಇವತ್ತು ಬಂದು ನೋಡಿದ್ರೆ ಡೆಸ್ಕ್ ಮೇಲೇ ಇತ್ತು."

ಕೇಳಿದವರು ಯಾರೂ ನಂಬುವ ಮಾತಲ್ಲ. ಕಂಪನಿಯ ಮುಖ್ಯಸ್ಥೆ ಅಲ್ಲೇ ನಿಂತು ಅವನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಟ್ಟಳು.

ಪ್ರಯೋಗಾಲಯದ ಹಿರಿಯ ಭಾಸ್ಕರ ಇಳಾಳನ್ನು ಪಕ್ಕಕ್ಕೆ ಕರೆದ. ಸ್ಟೀವನ್‌ಗೆ ಈ ಕೆಲಸ ಕೊಡಿಸಿದವನೇ ಅವನು. ಊರಿಂದ ಬರುವ ವಿದ್ಯಾರ್ಥಿಗಳಿಗೆ ಮನೆ ಹುಡುಕಿ, ಕಾಗದಪತ್ರ ತುಂಬಿಸಿಕೊಟ್ಟು, ಎಲ್ಲರ ಬಾಯಲ್ಲೂ ಅಣ್ಣ ಅನ್ನಿಸಿಕೊಂಡವನು.

"ಹುಡುಗ ಕೆಟ್ಟವನಲ್ಲ ಮೇಡಂ," ಅವನ ದನಿ ಮೆತ್ತಗಿತ್ತು. "ಹೆಂಡ್ತಿ ವೀಸಾ ಟೆನ್ಷನ್. ಸ್ಟೂಡೆಂಟ್ ವೀಸಾದಿಂದ ಸ್ಪೌಸ್ ವೀಸಾಗೆ ಹೋಗ್ತಿದ್ದಾಳೆ. ದುಡ್ಡು ತೋರಿಸ್ಬೇಕಲ್ಲ. ಅದಕ್ಕೇ ಕೈ ಹಾಕಿರ್ಬೇಕು. ಸ್ವಲ್ಪ ನೋಡ್ಕೊಂಡು ಮಾಡಿ."

ಇಳಾ ತಲೆಯಾಡಿಸಿದಳು. ಕಾರ್ಡಿದೆ, ಹಣವಿದೆ, ಈಗ ಕಾರಣವೂ ಸಿಕ್ಕಿತು. ತಟ್ಟೆಯಲ್ಲಿ ಬಡಿಸಿಟ್ಟ ಹಾಗಿತ್ತು. ಬಡಿಸಿಟ್ಟ ಊಟವೆಂದರೆ ಅವಳಿಗೆ ಯಾವಾಗಲೂ ಅನುಮಾನ.

* * *

ಉಪ್ಸಾಲಾದ ಒಂದು ಕೋಣೆಯ ಮನೆಯಲ್ಲಿ ಸಿಂಥಿಯಾ ಕಿಟಕಿಯ ಬಳಿ ಕೂತಿದ್ದಳು. ಉಡುಪಿಯ ಕಡೆಯ ಹುಡುಗಿ. ಔಷಧ ವಿಜ್ಞಾನ ಓದಲು ಬಂದವಳು, ಇಲ್ಲೇ ಬೆಳೆದ ಸ್ಟೀವನ್‌ನನ್ನು ಚರ್ಚಿನ ಕ್ರಿಸ್ಮಸ್ ಗಾಯನದಲ್ಲಿ ಕಂಡು ಮೆಚ್ಚಿದವಳು. ಮದುವೆಯಾಗಿ ಎಂಟು ತಿಂಗಳಾಗಿತ್ತು.

"ಶನಿವಾರ ಇಡೀ ದಿನ ನಾವು ಮನೇಲೇ ಇದ್ವಿ ಮೇಡಂ. ಈ ಗೋಡೆಗೆ ಪೇಂಟ್ ಹೊಡೀತಿದ್ವಿ. ನೋಡಿದವರು ಯಾರೂ ಇಲ್ಲ."

"ಇಳಾ ಅಂತಲೇ ಕರೀರಿ. ಕೋರ್ಸ್ ಯಾವಾಗ ಮುಗಿಯುತ್ತೆ?"

"ಬರೋ ತಿಂಗಳು. ಅದರ ಜೊತೆಗೇ ನನ್ನ ವೀಸಾನೂ. ಗಂಡನ ಆಧಾರದ ಮೇಲೆ ಹೊಸದಕ್ಕೆ ಅರ್ಜಿ ಹಾಕಿದ್ದೇವೆ. ಇವರು ಇನ್ನೂ ಕೆಲಸದಲ್ಲಿ ಇದ್ದಾರೆ ಅಂತ ಕಂಪನಿಯಿಂದ ಬರೆಸಿ ತನ್ನಿ ಅಂತ ವೀಸಾ ಆಫೀಸರ್ ಕೇಳಿದ್ದಾರೆ. ಶುಕ್ರವಾರದೊಳಗೆ ಕೊಡ್ಬೇಕು." ಅವಳು ಗಂಡನ ಕಡೆ ನೋಡಿದಳು. "ಈಗ ಯಾರು ಬರೆದುಕೊಡ್ತಾರೆ?"

ಅಷ್ಟರವರೆಗೆ ಇಳಾಳಿಗೆ ಇದೊಂದು ಕಳ್ಳತನದ ಪ್ರಕರಣ. ಒಂದು ಸಂಸಾರವೂ ಇದಕ್ಕೆ ಜೋತುಬಿದ್ದಿದೆ ಎನ್ನುವುದು ಅವಳ ಮನಸ್ಸಿಗೆ ತಟ್ಟಿದ್ದು ಆಗಲೇ. ಸ್ಟೀವನ್ ಅಡುಗೆ ಕಟ್ಟೆಗೆ ಒರಗಿ ನೆಲ ನೋಡುತ್ತಿದ್ದ. ಅವನ ಉಗುರಿನ ಸಂದಿಯಲ್ಲಿ ಗೋಡೆಯ ತಿಳಿಹಸಿರು ಬಣ್ಣ ಇನ್ನೂ ಹೋಗಿರಲಿಲ್ಲ.

"ಕಚೇರಿಯಲ್ಲಿ ನಿಮ್ಮನ್ನ ಕಂಡ್ರೆ ಆಗದವರು ಯಾರಾದ್ರೂ ಇದ್ದಾರಾ?"

ಅವನು ಹಿಂಜರಿದ. "ಧ್ರುವ್. ಟೀಮ್ ಲೀಡ್ ಕೆಲಸ ಅವನಿಗೆ ಬರ್ಬೇಕಿತ್ತು, ನನಗೆ ಬಂತು. ಆಮೇಲೆ ಮಾತು ಬಿಟ್ಟಿದ್ದಾನೆ."

* * *

ಧ್ರುವ್ ಸಿಕ್ಕಿದ್ದು ಕಿಸ್ಟಾ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ. ಶನಿವಾರ ಅವನನ್ನು ಅದೇ ಜಾಗದಲ್ಲಿ ಕಂಡವರಿದ್ದರು.

"ರಜಾ ದಿನ ಇಲ್ಲೇನು ಕೆಲಸ?"

"ಮಾಲ್‌ಗೆ ಬಂದಿದ್ದೆ. ಹೆಂಡ್ತಿಗೆ ಚಳಿಗಾಲದ ಬೂಟ್ಸ್ ತಗೊಳ್ಳೋಕೆ."

"ಸ್ಟೀವನ್ ಹೋದ್ರೆ ಟೀಮ್ ಲೀಡ್ ಯಾರಾಗ್ತಾರೆ?"

"ನಾನೇ. ಹಾಗಂತ ನಾನೇ ಕದ್ದೆ ಅಂತಲಾ?" ಅವನ ಮುಖ ಬಿಗಿಯಿತು. "ಅವನನ್ನ ಕಂಡ್ರೆ ನನಗಾಗಲ್ಲ, ನಿಜ. ಆದ್ರೆ ಅವನು ಕಳ್ಳ ಅಲ್ಲ."

ಅವನ ಮಾತು ಸರಿಯೇ ಎಂದು ಇಳಾ ಅಂಗಡಿಗೆ ಹೋಗಿ ಕೇಳಿದಳು. ಅಂಗಡಿಯ ಹುಡುಗಿಗೆ ಗಂಡ ಹೆಂಡತಿ ಇಬ್ಬರ ನೆನಪೂ ಇತ್ತು. ಹೆಂಡತಿ ಅನ್ಯಾ ಬೂಟುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿದ್ದರೆ ಧ್ರುವ್ ಮೂಲೆಯಲ್ಲಿ ಕೂತು ತೂಕಡಿಸಿದ್ದನಂತೆ. ಆ ದಾರಿ ಅಲ್ಲಿಗೆ ಮುಚ್ಚಿತು. ಇಳಾ ಹೊರಗೆ ಬಂದು, ಕಾಯುತ್ತಿದ್ದ ಧ್ರುವ್‌ಗೆ ಕೊನೆಯ ಪ್ರಶ್ನೆ ಕೇಳಿದಳು.

"ವೀಸಾಗೆ ತೋರಿಸೋಕೆ ಸ್ಟೀವನ್‌ಗೆ ದುಡ್ಡು ಬೇಕಿತ್ತಂತೆ?"

ಧ್ರುವ್ ನಕ್ಕ. "ಯಾರು ಹೇಳಿದ್ದು? ಅನ್ಯಾ ವೀಸಾನೂ ಹಾಗೇ ಆಗಿದ್ದು, ಹೋದ ವರ್ಷ. ಅದಕ್ಕೆ ಏನು ಬೇಕು ಅಂತ ನನಗೆ ಬಾಯಿಪಾಠ ಆಗಿದೆ."

ಅವನು ವಿವರವಾಗಿ ಹೇಳಿದ. ಇಳಾ ಎರಡೆರಡು ಸಲ ಹೇಳಿಸಿದಳು. ಅವಳ ಕಾಲು ಅಲ್ಲೇ ನಿಂತಿತ್ತು, ತಲೆ ಮಾತ್ರ ಓಡುತ್ತಿತ್ತು.

ಅಷ್ಟರಲ್ಲಿ ಸಿಂಥಿಯಾಳ ಫೋನ್ ಬಂತು.

"ಭಾಸ್ಕರಣ್ಣ ಬಂದಿದ್ರು. ಸ್ಟೀವನ್ ತಾನಾಗೇ ರಾಜೀನಾಮೆ ಕೊಟ್ರೆ ಕಂಪನಿ ಕೇಸ್ ಬಿಡೋ ಹಾಗೆ ಮಾಡ್ತಾರಂತೆ. ವೀಸಾ ಕತೆ ಏನು ಅಂದೆ. ಅಕೌಂಟಲ್ಲಿ ಬ್ಯಾಲೆನ್ಸ್ ಇದ್ರೆ ಆಯ್ತಲ್ಲ, ಹೋದ ವರ್ಷ ತೋರಿಸಿದ ಹಾಗೆ ತೋರಿಸು, ಬೇಕಾದ್ರೆ ನಾನೇ ಸಾಲ ಕೊಡ್ತೀನಿ ಅಂದ್ರು. ಸ್ಟೀವನ್ ಸಹಿ ಹಾಕೋಕೆ ಹೊರಟಿದ್ದಾರೆ."

"ಪೆನ್ ಕಿತ್ತುಕೊಳ್ಳಿ," ಎಂದಳು ಇಳಾ. "ಸಹಿ ಹಾಕಿದ್ರೆ ಎಲ್ಲ ಮುಗೀತು."

ಆಮೇಲೆ ಅವಳು ಸರ್ಕಾರಿ ವಕೀಲರಿಗೆ ಫೋನ್ ಮಾಡಿದಳು. ಒಂದು ಮನೆಯ ಶೋಧಕ್ಕೆ ಅನುಮತಿ ಬೇಕಿತ್ತು. ಒಬ್ಬ ಮನುಷ್ಯನ ಬ್ಯಾಂಕ್ ವಿವರವೂ.

* * *

ಗುರುವಾರ ಫಿಕಾ ಹೊತ್ತಿಗೆ ಎಲ್ಲರೂ ಕಾಫಿ ಕೋಣೆಯಲ್ಲಿ ಸೇರಿದ್ದರು. ಇಳಾ ಸ್ಟೀವನ್ ಮತ್ತು ಸಿಂಥಿಯಾರನ್ನು ಕರೆತಂದಿದ್ದಳು. ಧ್ರುವ್ ಎದ್ದು ತನ್ನ ಕುರ್ಚಿಯನ್ನು ಸಿಂಥಿಯಾಳ ಕಡೆ ತಳ್ಳಿದ.

"ಈ ಕಳ್ಳತನಕ್ಕೆ ಎಲ್ಲ ಇತ್ತು," ಇಳಾ ಎಲ್ಲರಿಗೂ ತಿಳಿಯಲೆಂದು ಸ್ವೀಡಿಷ್‌ನಲ್ಲೇ ಶುರುಮಾಡಿದಳು. "ಕಾರ್ಡ್, ಹಣ, ಕಾರಣ. ಆದರೆ ಕಾರಣವೇ ತಪ್ಪಾಗಿತ್ತು. ವಿದ್ಯಾರ್ಥಿಯಾಗಿ ಬಂದವರು ಬ್ಯಾಂಕಿನಲ್ಲಿ ತಮ್ಮ ಹಣ ತೋರಿಸಬೇಕು. ಗಂಡನ ಆಧಾರದ ಮೇಲೆ ಇರುವಾಗ ಆ ಲೆಕ್ಕವೇ ಬೇರೆ. ಆಗ ನೋಡುವುದು ಗಂಡನ ಸಂಬಳ. ಬಾಡಿಗೆ ಕಳೆದು ಸಂಸಾರಕ್ಕೆ ಸಾಕಷ್ಟು ಉಳಿಯುತ್ತದೆಯೇ, ಆ ಕೆಲಸ ಮುಂದೆಯೂ ಇರುತ್ತದೆಯೇ ಎಂದು. ಉಳಿತಾಯದ ಮೇಲೆಯೇ ನಿಲ್ಲಬೇಕೆಂದರೆ ವರ್ಷಗಟ್ಟಲೆ ಬದುಕುವಷ್ಟು ಬೇಕು. ಲಾಕರಿನ ಕಟ್ಟು ಅದರ ಮೂಲೆಗೂ ಸಾಲದು. ಅದರ ಮೇಲೆ ನಗದು. ನಮ್ಮಲ್ಲಿ ನಗದು ಕಟ್ಟಲು ಹೋದರೆ ಬ್ಯಾಂಕಿನವರೇ ಎಲ್ಲಿಂದ ಬಂತೆಂದು ಕೇಳುತ್ತಾರೆ. ಹೆಂಡತಿಯನ್ನು ಇಲ್ಲಿ ಉಳಿಸಿಕೊಳ್ಳಲು ಸ್ಟೀವನ್‌ಗೆ ಬೇಕಾದದ್ದು ಒಂದೇ, ಈ ಕೆಲಸ. ಅದನ್ನೇ ಪಣಕ್ಕಿಟ್ಟು ಅವನು ಕೆಲಸಕ್ಕೆ ಬಾರದ ಹಣಕ್ಕಾಗಿ ಕದಿಯುತ್ತಾನೆಯೇ?"

ಅವಳು ನೋಟಿನ ಚೀಲವನ್ನು ಮೇಜಿನ ಮೇಲಿಟ್ಟಳು.

"ಹಾಗಾದರೆ ಹಣ ಇಟ್ಟವರು ಈ ವ್ಯತ್ಯಾಸ ತಿಳಿಯದವರು. ಧ್ರುವ್‌ಗೆ ತಿಳಿದಿದೆ, ಅವರ ಹೆಂಡತಿ ಬಂದದ್ದೇ ಆ ದಾರಿಯಲ್ಲಿ. ತಿಳಿಯದವರು ಒಬ್ಬರಿದ್ದರು. ಒಂದು ಕಾಲದಲ್ಲಿ ವಿದ್ಯಾರ್ಥಿಯಾಗಿ ಬಂದವರು. ಇಲ್ಲಿಯ ಪ್ರಜೆಯನ್ನೇ ಮದುವೆಯಾಗುವ ಹೊತ್ತಿಗೆ ಅವರ ಕೆಲಸದ ಪರವಾನಗಿ ಗಟ್ಟಿಯಾಗಿತ್ತು, ಹಾಗಾಗಿ ಸ್ಪೌಸ್ ವೀಸಾದ ದಾರಿ ಅವರಿಗೆ ಬೇಕಾಗಲೇ ಇಲ್ಲ. ಹೋದ ವರ್ಷ ಸಿಂಥಿಯಾಳ ವಿದ್ಯಾರ್ಥಿ ವೀಸಾ ನವೀಕರಣಕ್ಕೆ ನೆರವಾದವರು. ಈ ಸಲವೂ ಅದೇ ನಿಯಮ ಅಂದುಕೊಂಡವರು."

ಅವಳು ಭಾಸ್ಕರನ ಕಡೆ ತಿರುಗಿದಳು. ಈಗ ಕನ್ನಡದಲ್ಲಿ. "ದುಡ್ಡು ತೋರಿಸ್ಬೇಕಲ್ಲ ಅಂತ ನನಗೆ ಮೊದಲು ಹೇಳಿದ್ದು ನೀವೇ, ಭಾಸ್ಕರ ಅವರೇ."

"ಅಷ್ಟಕ್ಕೇ ನಾನು ಕಳ್ಳನಾ?" ಅವನ ಕಪ್ಪಿನೊಳಗೆ ಕಾಫಿ ತುಳುಕಿತು. "ತಪ್ಪು ತಿಳ್ಕೊಂಡಿದ್ದೆ, ಆಯ್ತು."

"ಅಷ್ಟಕ್ಕೇ ಅಲ್ಲ. ನೋಟೇ ಮುಟ್ಟದ ಈ ದೇಶದಲ್ಲಿ ಶುಕ್ರವಾರ ಸಂಜೆ ಯಂತ್ರದಿಂದ ಕಂತೆಗಟ್ಟಲೆ ನೋಟು ತೆಗೆದದ್ದು ನೀವು. ಇವತ್ತು ಬೆಳಿಗ್ಗೆ ನಿಮ್ಮ ಮನೆಯ ನೆಲಮಾಳಿಗೆಯ ಸ್ಟೋರ್‌ನಲ್ಲಿ ಎರಡು ಆಂಟೆನಾ ಸಿಕ್ಕಿವೆ. ಉಳಿದವನ್ನ ಮೊದಲೇ ಮಾರಿದ್ದೀರಿ. ಶನಿವಾರ ಕಳ್ಳತನ ಆಗಿಯೇ ಇಲ್ಲ, ಆಗ ಕಪಾಟಲ್ಲಿ ಏನೂ ಇರ್ಲಿಲ್ಲ. ಜರ್ಮನಿಯವರು ಬಂದ್ರೆ ಗುಟ್ಟು ಬಯಲಾಗುತ್ತೆ ಅಂತ ಒಬ್ಬ ಕಳ್ಳನನ್ನ ತಯಾರು ಮಾಡಿದ್ರಿ. ಫಿಕಾ ಹೊತ್ತಲ್ಲಿ ಕಾರ್ಡ್ ತಗೊಂಡ್ರಿ. ಶನಿವಾರ ಅದರಿಂದ ಬಾಗಿಲು ತೆರೆದು, ಲಾಕರಲ್ಲಿ ನೋಟು ಇಟ್ರಿ. ಸೋಮವಾರ ಎಲ್ಲರಿಗಿಂತ ಮುಂಚೆ ಬಂದು ವಾಪಸ್ ಇಟ್ರಿ. ರಾಜೀನಾಮೆ ಬರೆಸಿದ್ರೆ ಯಾರೂ ಮುಂದೆ ಕೆದಕಲ್ಲ, ಅಲ್ವಾ?"

ಭಾಸ್ಕರ ಸುತ್ತ ನೋಡಿದ. "ಮನೆ ಸಾಲ..." ಎಂದು ಶುರುಮಾಡಿದ, ಮುಗಿಸಲಿಲ್ಲ.

ಸಿಂಥಿಯಾ ಎದ್ದು ಅವನೆದುರು ನಿಂತಳು. "ನಿಮ್ಮನ್ನ ಅಣ್ಣ ಅಂತಿದ್ದೆ. ನನ್ನನ್ನ ಈ ದೇಶದಿಂದಲೇ ಓಡಿಸೋಕೆ ಹೊರಟಿದ್ರಲ್ಲ."

ಬಾಗಿಲಲ್ಲಿ ನಿಂತಿದ್ದ ಪೊಲೀಸರು ಭಾಸ್ಕರನನ್ನು ಕರೆದೊಯ್ದರು.

* * *

ಅದೇ ಮಧ್ಯಾಹ್ನ ಕಂಪನಿಯ ಮುಖ್ಯಸ್ಥೆ ಎಲ್ಲರೆದುರು ಸ್ಟೀವನ್‌ನ ಕ್ಷಮೆ ಕೇಳಿದಳು. ವಲಸೆ ಅಧಿಕಾರಿ ಕೇಳಿದ್ದ ಪ್ರಮಾಣಪತ್ರಕ್ಕೆ ತಾನೇ ಸಹಿ ಮಾಡಿ ಕಳಿಸಿದಳು. ಕೆಲಸ ಕಾಯಂ ಎಂಬ ಮಾತಿನ ಕೆಳಗೆ ದಪ್ಪಗೆ ಒಂದು ಗೆರೆ ಎಳೆದಳು.

ಸಿಂಥಿಯಾಳ ಕೊನೆಯ ಪರೀಕ್ಷೆಯ ದಿನ ಇಳಾಳಿಗೆ ಫೋನ್ ಬಂತು. ಆ ಕಡೆಯಿಂದ ಮೊದಲು ಬರೀ ಅಳು, ಆಮೇಲೆ ನಗು, ನಡುವೆ ಎಲ್ಲೋ ಸ್ಟೀವನ್ ಕೊಂಕಣಿಯಲ್ಲಿ ದೇವರಿಗೆ ಧನ್ಯವಾದ ಹೇಳುತ್ತಿದ್ದ. ಇಳಾ ಕಾದಳು. ಅವಳಿಗೆ ಅವಸರವೇನೂ ಇರಲಿಲ್ಲ.

"ಸಿಕ್ತು ಇಳಾ," ಕೊನೆಗೆ ಸಿಂಥಿಯಾ ಅಂದಳು. "ಉಳ್ಕೊಂಡೆ. ಭಾನುವಾರ ನಮ್ಮಲ್ಲಿ ಊಟ. ಕೋಳಿ ರೊಟ್ಟಿ ಮಾಡ್ತೀನಿ. ಧ್ರುವ್, ಅನ್ಯಾನೂ ಬರ್ತಾರೆ. ನೀವು ಬರ್ಲೇಬೇಕು."

"ಬರ್ತೀನಿ," ಎಂದಳು ಇಳಾ. "ಹಸಿದೇ ಬರ್ತೀನಿ."