ತಾತನ ಬಲಗಾಲು

"ತಾತ, ದಾರ ಎಲ್ಲಾ ಹಿಂದಕ್ಕೆ ವಾಲ್ತಿದೆ," ಅಂದಳು ಜೊನೆಲ್.

ದೋಣಿಯ ಮುಂಭಾಗದಲ್ಲಿ ಅಕ್ಕಪಕ್ಕ ಎರಡು ಕುರ್ಚಿ. ಒಂದರಲ್ಲಿ ತಾತ ರೂಫಸ್, ಇನ್ನೊಂದರಲ್ಲಿ ಹತ್ತು ವರ್ಷದ ಜೊನೆಲ್. ದೋಣಿಯ ಪುಟ್ಟ ಮೋಟಾರಿನ ಪೆಡಲ್ ತಾತನ ಕಾಲಡಿ. ಅವರ ಮುಂದೆ ಎಂಟು ಉದ್ದನೆಯ ಗಾಳದ ಕೋಲುಗಳು ಬೀಸಣಿಗೆ ಬಿಚ್ಚಿದ ಹಾಗೆ ನೀರಿನ ಮೇಲೆ ಚಾಚಿಕೊಂಡಿದ್ದವು. ಒಂದೊಂದು ದಾರಕ್ಕೂ ಎರಡು ಕೊಕ್ಕೆ, ಕೊಕ್ಕೆಗೊಂದು ಮರಿಮೀನು, ನಡುವೆ ಒಂದು ಸೀಸದ ಗುಂಡು. ಗುಂಡಿನ ಭಾರಕ್ಕೆ ದಾರ ನೆಟ್ಟಗೆ ಇಳಿಯಬೇಕು. ದೋಣಿ ಅಂಬೆಗಾಲಿಡುವ ಮಗುವಿನಷ್ಟೇ ನಿಧಾನವಾಗಿ ಹೋಗಬೇಕು. ಹಾಗಾದರೆ ಮಾತ್ರ ಗ್ರೆನಾಡಾ ಕೆರೆಯ ಕ್ರ್ಯಾಪಿ ಮೀನು ಬಾಯಿ ಹಾಕುತ್ತದೆ.

"ಗಾಳಿ ಕಣೇ," ಅಂದ ತಾತ. "ಇನ್ನೂ ಭಾರದ ಗುಂಡು ಕಟ್ಟೋಣ."

ತಾತ ಹಳೆಯ ಗುಂಡು, ಕೊಕ್ಕೆಗಳನ್ನು ಕತ್ತರಿಸಿ ಕಾಲ ಹತ್ತಿರ ಹಾಕುತ್ತಾ ಹೋದ. ಜೊನೆಲ್ ಹೊಸದನ್ನು ಕಟ್ಟಿದಳು. ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ ಬಿಗಿಯುವುದನ್ನು ತಾತನೇ ಅವಳಿಗೆ ಕಲಿಸಿದ್ದ.

ಆದರೂ ದಾರ ವಾಲಿತು. ಗಾಳಿ ಅಷ್ಟೇನೂ ಇರಲಿಲ್ಲ. ದೋಣಿಯೇ ಸರಿಯಿರಲಿಲ್ಲ. ಒಮ್ಮೆ ನುಗ್ಗುತ್ತಿತ್ತು, ಒಮ್ಮೆ ನಿಂತೇ ಬಿಡುತ್ತಿತ್ತು.

"ತಾತ, ನೀನು ಪೆಡಲ್ ಜಾಸ್ತಿ ಒತ್ತುತ್ತಿದ್ದೀಯ."

"ನಿಮ್ಮಪ್ಪ ಹುಟ್ಟೋಕೆ ಮುಂಚೆಯಿಂದ ದೋಣಿ ನಡೆಸ್ತಿದ್ದೀನಿ. ನೀನು ಕೋಲು ನೋಡ್ಕೋ."

ತಾತ ಅವಳಿಗೆ ಹಾಗೆ ಗದರುವವನಲ್ಲ. ಜೊನೆಲ್ ಕೋಲುಗಳ ಕಡೆ ತಿರುಗಿದಳು. ಅಷ್ಟರಲ್ಲಿ ದೋಣಿ ಮತ್ತೆ ನುಗ್ಗಿತು. ನೀರೊಳಗಿದ್ದ ಮರದ ಬೊಡ್ಡೆಗೆ ಮೂರು ದಾರ ಸಿಕ್ಕಿ, ಒಂದಕ್ಕೊಂದು ಸುತ್ತಿಕೊಂಡು ಗೋಜಲಾದವು.

ಬಿಡಿಸಲು ಜೊನೆಲ್ ಬಗ್ಗಿದಳು. ಪೆಡಲ್ ಮೇಲೆ ತಾತನ ಬಲಗಾಲು ಕಾಣಿಸಿತು. ಪಾದ ಊದಿದೆ ಎಂದು ತಾತ ಬೂಟು ಬಿಚ್ಚಿ, ಬರೀ ಬಿಳಿ ಕಾಲ್ಚೀಲದಲ್ಲಿದ್ದ. ಕಾಲ್ಚೀಲದ ಅರ್ಧ ಕೆಂಪಾಗಿತ್ತು.

"ತಾತ, ರಕ್ತ."

"ಎಲ್ಲಿ? ಕೈ ಚುಚ್ಚಿಕೊಂಡ್ಯಾ?"

"ನನಗಲ್ಲ. ನಿನಗೆ."

ತಾತ ಬಗ್ಗಿ ನೋಡಿದ. ಕತ್ತರಿಸಿ ಹಾಕಿದ್ದ ಕೊಕ್ಕೆಯೊಂದು ಹೆಬ್ಬೆರಳ ಬುಡದಲ್ಲಿ ಪೂರ್ತಿ ಇಳಿದಿತ್ತು. ಸೀಸದ ಗುಂಡು ಪಕ್ಕದಲ್ಲಿ ನೇತಾಡುತ್ತಿತ್ತು. ಆ ಕಾಲು ಬೇರೆ ಯಾರದೋ ಎಂಬಂತೆ ತಾತ ಅದನ್ನೇ ನೋಡಿದ. ಆಮೇಲೆ ಇಕ್ಕಳ ತೆಗೆದುಕೊಂಡು ಕೊಕ್ಕೆಯನ್ನು ತಿರುಚಿ ಎಳೆದ. ಮುಖ ಒಂದಿಷ್ಟೂ ಕಿವುಚಲಿಲ್ಲ.

"ನೋವಾಗಲ್ವಾ?" ಜೊನೆಲ್ ದನಿ ಸಣ್ಣದಾಯಿತು.

"ಇಲ್ಲ. ಶುಗರ್ ಜಾಸ್ತಿಯಾದ್ರೆ ಕಾಲು ಮರಗಟ್ಟುತ್ತಂತೆ. ಪೆಡಲ್ ಇದೆಯೋ ಇಲ್ವೋ ಅಂತಾನೂ ಗೊತ್ತಾಗಲ್ಲ."

ರಕ್ತ ನೋಡಿದಾಗ ಆಗದ ಹೆದರಿಕೆ ಈ ಮಾತು ಕೇಳಿ ಆಯಿತು.

ತಾತ ಕಾಲ್ಚೀಲವನ್ನು ಕೆರೆಯಲ್ಲಿ ಅದ್ದಿ ಹಿಂಡಿ, ಬಕೆಟ್ಟಿನ ಅಂಚಿಗೆ ಹಾಕಿದ. "ನೋಡು ಮರಿ, ಅಜ್ಜಿಗೆ ಹೇಳ್ಬೇಡ. ಹೇಳಿದ್ರೆ ದೋಣಿಗೆ ಇವತ್ತೇ ಕೊನೆ. ನಾನು ಮನೇಲಿ ಟೀವಿ ಮುಂದೆ ಕೂತು ಸಾಯ್ಬೇಕಾಗುತ್ತೆ."

ಜೊನೆಲ್ ನೀರು ನೋಡಿದಳು. ಶನಿವಾರ ಬಂತೆಂದರೆ ದೋಣಿ. ಅಪ್ಪ ದೂರದ ಮೆಂಫಿಸ್‌ನಲ್ಲಿ ಲಾರಿ ಓಡಿಸುತ್ತಾನೆ, ಅಮ್ಮನಿಗೆ ಶನಿವಾರವೂ ಕೆಲಸ. ಅವಳಿಗಿದ್ದದ್ದು ತಾತ, ತಾತನಿಗಿದ್ದದ್ದು ಅವಳು.

"ಹೇಳಲ್ಲ," ಅಂದಳು.

ಸಂಜೆ ಅಜ್ಜಿ ಅರ್ಲೀನ್ ಮೀನನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದಳು. "ಏನು ರೂಫಸ್, ಕುಂಟುತ್ತಿದ್ದೀಯ?"

"ಹೊಸ ಬೂಟು, ಕಚ್ಚುತ್ತೆ."

"ಆ ಬೂಟು ತಂದು ಎರಡು ಕ್ರಿಸ್‌ಮಸ್ ಆಯ್ತು."

"ಹೌದಾ? ಹಾಗಾದ್ರೆ ಅದಕ್ಕೆ ಈಗ ಹಲ್ಲು ಬಂದಿರ್ಬೇಕು."

ಅಜ್ಜಿ ನಕ್ಕಳು. ಜೊನೆಲ್‌ಗೆ ನಗು ಬರಲಿಲ್ಲ. ತಟ್ಟೆಯ ಮೀನನ್ನು ಅಂಚಿಗೆ ಸರಿಸಿದಳು.

ಮಾರನೇ ದಿನದಿಂದ ತಾತ ರಾತ್ರಿ ದೀಪ ಆರಿಸುವ ತನಕ ಮನೆಯೊಳಗೂ ಬೂಟು ಬಿಚ್ಚಲಿಲ್ಲ. ಸ್ಕೂಲ್ ಬಸ್ಸು ಇಳಿದು ಬಂದಾಗಲೆಲ್ಲ ಜೊನೆಲ್ ಮೊದಲು ಆ ಬೂಟನ್ನೇ ನೋಡುತ್ತಿದ್ದಳು.

"ವಾಸಿಯಾಯ್ತಾ?" ಎಂದು ಪಿಸುಗುಡುವಳು.

"ಎಂದೋ ಆಯ್ತು," ಎಂದು ತಾತ ಕಣ್ಣು ಮಿಟುಕಿಸುವನು.

ಕ್ಲಾಸಿನಲ್ಲಿ ಟೀಚರ್ ಮೂರು ಸಲ ಹೆಸರು ಹಿಡಿದು ಕರೆದರೂ ಅವಳಿಗೆ ಕೇಳಿಸಲಿಲ್ಲ. ಪಕ್ಕದ ಡೆಸ್ಕಿನ ಬ್ರೈಲೀ, "ಏನೇ, ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತೀಯಾ?" ಎಂದು ತಿವಿದಳು. ಜೊನೆಲ್ ಪುಸ್ತಕದ ಹಾಳೆ ಮಗುಚಿದಳು.

ಮುಂದಿನ ವಾರದ ಭಾನುವಾರ ಚರ್ಚಿನಲ್ಲಿ ಎಲ್ಲರೂ ಹಾಡಲು ಎದ್ದು ನಿಂತಾಗ ತಾತ ಕೂತೇ ಇದ್ದ. ಹಣೆಯಲ್ಲಿ ಬೆವರು, ಕೈ ಮುಟ್ಟಿದರೆ ಕಾದ ಬಾಣಲೆ. ಅವನ ಪಕ್ಕ ಏನೋ ಕೊಳೆತ ವಾಸನೆ ಬರುತ್ತಿತ್ತು.

ಜೊನೆಲ್ ಅಜ್ಜಿಯ ತೋಳು ಜಗ್ಗಿದಳು. "ಅಜ್ಜಿ, ಹೊರಗೆ ಬಾ."

ಮೆಟ್ಟಿಲ ಮೇಲೆ ಎಲ್ಲವನ್ನೂ ಹೇಳಿದಳು. ಅಜ್ಜಿ ಬೈಯಲಿಲ್ಲ. ತನ್ನ ಚರ್ಚಿನ ಟೋಪಿ ತೆಗೆದು ಜೊನೆಲ್ ಕೈಗೆ ಕೊಟ್ಟು, ಒಳಗೆ ಹೋಗಿ ತಾತನ ಮುಂದೆ ಮಂಡಿಯೂರಿ ಬೂಟಿನ ದಾರ ಬಿಚ್ಚಿದಳು. ಹಾಡು ಹಾಗೇ ನಿಂತುಹೋಯಿತು.

ಆಸ್ಪತ್ರೆಯಲ್ಲಿ ಮೊದಲು ಔಷಧಿ ಹಾಕಿ ನೋಡಿದರು. ನಂಜು ಮೇಲೇರುತ್ತಲೇ ಇತ್ತು. ಕೊನೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಆ ಸುದ್ದಿಯನ್ನು ಅಜ್ಜಿ ಅಡಿಗೆಮನೆಯಲ್ಲಿ ಹೇಳಿದಳು. ಜೊನೆಲ್ ಮೇಜಿನ ಗೆರೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನಾನು ಅವತ್ತೇ ಹೇಳಿದ್ರೆ ಕಾಲು ಉಳೀತಿತ್ತಾ?"

ಅಜ್ಜಿ ಸುಳ್ಳು ಹೇಳುವವಳಲ್ಲ.

"ಗೊತ್ತಿಲ್ಲ ಮಗಾ. ಉಳೀತಿತ್ತೇನೋ. ಉಳೀತಿರ್ಲಿಲ್ವೇನೋ. ಅವನ ಜೊತೆ ಒಂದೇ ಹಾಸಿಗೇಲಿ ಮಲಗೋ ನನಗೇ ಗೊತ್ತಾಗ್ಲಿಲ್ಲ."

ಹೇಳುತ್ತಾ ಹೇಳುತ್ತಾ ಅಜ್ಜಿ ಕುರ್ಚಿ ಎಳೆದು ಕೂತು ಕಣ್ಣೊರೆಸಿಕೊಂಡಳು. ಜೊನೆಲ್ ಹೋಗಿ ಅವಳ ಮಡಿಲಲ್ಲಿ ಮುಖ ಇಟ್ಟಳು.

ತಾತನನ್ನು ನೋಡಲು ಹೋದ ದಿನ ಜೊನೆಲ್ ಕೋಣೆಯ ಬಾಗಿಲಲ್ಲೇ ನಿಂತಳು. ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ತಾತ ಗೋಡೆ ಕಡೆ ತಿರುಗಿಕೊಂಡಿದ್ದ.

"ಬಂದ್ಯಾ? ಬಾ," ಅಂದ, ತಿರುಗದೆ.

"ನಾನು ಅಜ್ಜಿಗೆ ಹೇಳ್ಬಿಟ್ಟೆ."

"ಗೊತ್ತು."

"ಕೋಪಾನಾ?"

"ನಿನ್ನ ಮೇಲಾ? ನನ್ನ ಗುಟ್ಟನ್ನ ನಿನ್ನ ತಲೆ ಮೇಲೆ ಹೊರಿಸಿದೋನು ನಾನು. ಮುದಿ ಕತ್ತೆ." ತಾತ ಈಗ ತಿರುಗಿದ. ಅವನ ಮುಖ ಅಷ್ಟು ಚಿಕ್ಕದಾಗಿದ್ದನ್ನು ಜೊನೆಲ್ ಎಂದೂ ನೋಡಿರಲಿಲ್ಲ. "ಕೂತ್ಕೋ. ಒಂದು ವಿಷಯ ಹೇಳ್ತೀನಿ, ನಗ್ಬೇಡ. ನೋಯ್ತಿದೆ ಕಣೇ."

"ಏನು?"

"ಆ ಕಾಲು. ಇದ್ದಾಗ ಕೊಕ್ಕೆ ಇಳಿದ್ರೂ ನೋಯ್ಲಿಲ್ಲ. ಈಗ ಇಲ್ಲ, ನೋಯ್ತಿದೆ. ಡಾಕ್ಟರ್ ಹೇಳಿದ್ರು, ಕೆಲವರಿಗೆ ಹಾಗಾಗುತ್ತಂತೆ. ಅಜ್ಜಿಗೆ ಹೇಳ್ದೆ, ಅಳೋಕೆ ಶುರು ಮಾಡಿದ್ಳು."

ಜೊನೆಲ್ ನಗಲಿಲ್ಲ. ಚಪ್ಪಟೆಯಾಗಿದ್ದ ಹೊದಿಕೆಯನ್ನು ನೋಡಿದಳು.

"ಎಲ್ಲಿ ನೋಯ್ತಿದೆ?"

"ಕೆಳಗೆ. ಹೆಬ್ಬೆರಳ ಹತ್ರ."

ಅವಳು ಕುರ್ಚಿಯನ್ನು ಮಂಚದ ತುದಿಗೆ ಎಳೆದುಕೊಂಡಳು. ಖಾಲಿ ಜಾಗದ ಮೇಲೆ ಅಂಗೈ ಇಟ್ಟಳು. ಹಾಸಿಗೆ ತಣ್ಣಗಿತ್ತು.

"ಇಲ್ಲೇನಾ?"

ತಾತ ಅವಳ ಕೈಯನ್ನೇ ನೋಡಿದ.

"ಇನ್ನೂ ಸ್ವಲ್ಪ ಕೆಳಗೆ," ಅಂದ.

ಜೊನೆಲ್ ಕೈಯನ್ನು ಕೆಳಗೆ ಸರಿಸಿದಳು. ಅಲ್ಲಿ ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಮೆಲ್ಲಗೆ ನೀವತೊಡಗಿದಳು. ತಾತ ಕಣ್ಣು ಮುಚ್ಚಿದ. ನೀರು ಕೆನ್ನೆಯ ಮೇಲಿಂದ ಕಿವಿಯ ಕಡೆಗೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ, ಜೊನೆಲ್ ನೀವುವುದನ್ನು ನಿಲ್ಲಿಸಲಿಲ್ಲ.