ನೀಲಿ ಬಂದ ಮಣ್ಣು

“ನೋಡು ಶಂಕ್ರಮ್ಮ, ಹೆಂಗ ನೀಲಿ ಬಂತು. ನಿಮ್ಮ ಹೊಲದಾಗ ರಂಜಕ ಬೇಕಾದಷ್ಟು ಅದ. ಈ ಸಲ ಡಿಎಪಿ ಗೊಬ್ಬರ ಹಾಕೋದೇ ಬ್ಯಾಡ.”

ಸುಹಾಸಿನಿ ಪುಟ್ಟ ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದಳು. ಓದುತ್ತಿದ್ದದ್ದು ಐದನೇ ಕ್ಲಾಸು, ಗತ್ತು ಮಾತ್ರ ದೊಡ್ಡ ಡಾಕ್ಟರದ್ದು. ಆಗ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಎಲ್ಲರೂ ಕಂಪ್ಯೂಟರ್ ಕಲಿಯುತ್ತಿದ್ದರು. ಸುಹಾಸಿನಿ ಎಲ್ಲವನ್ನೂ ಕಲಿತೇ ಬಿಟ್ಟಿದ್ದಳು, ಅವಳ ಪ್ರಕಾರ.

ಅವಳ ಅಪ್ಪ ಪ್ರಹ್ಲಾದ ಮಣ್ಣಿನ ವಿಜ್ಞಾನಿ. ರೈತರು ಹೊಲದಲ್ಲೇ ಮಣ್ಣು ಪರೀಕ್ಷೆ ಮಾಡಿಕೊಳ್ಳಲಿ ಎಂದು ಅಗ್ಗದ ಕಿಟ್ ಒಂದನ್ನು ಮಾಡಿದ್ದರು. ಹೋಮಿಯೋಪತಿ ಗುಳಿಗೆಯ ಖಾಲಿ ಶೀಶೆಗಳು, ಎರಡು ದ್ರಾವಣ, ಒಂದು ಬಣ್ಣದ ಪಟ್ಟಿ, ಅಷ್ಟೇ. ಶೀಶೆಯೊಳಗೆ ಕಡು ನೀಲಿ ಬಂದರೆ ಮಣ್ಣಿನಲ್ಲಿ ರಂಜಕ ಹೆಚ್ಚು, ಬಿಳಿಚಿಕೊಂಡರೆ ಕಡಿಮೆ, ಡಿಎಪಿಯಂಥ ರಂಜಕದ ಗೊಬ್ಬರ ಬೇಕು. ಆವತ್ತು ಅಪ್ಪ ಬೇಗಂಪೇಟೆಯ ಆಫೀಸಿಗೆ ಹೋಗಿದ್ದರು. ಅದಕ್ಕೇ ಈ ಡಾಕ್ಟರಿಕೆ.

ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸುವ ಶಂಕ್ರಮ್ಮನಿಗೆ ನಂಬಿಕೆ ಬರಲಿಲ್ಲ. ಮಣ್ಣು ಅವಳ ತಮ್ಮ ಹಂಪಯ್ಯನ ಹೊಲದ್ದು. ಅವನು ಬೆಳಿಗ್ಗೆಯಷ್ಟೇ ಸೇಡಂ ಕಡೆಯಿಂದ ಚೀಲದಲ್ಲಿ ತಂದಿದ್ದ. ಇನ್ನು ನಾಲ್ಕು ದಿನಕ್ಕೆ ಬಿತ್ತನೆ. ಡಿಎಪಿ ಹಾಕಬೇಕೋ ಬೇಡವೋ ಎಂದು ತಿಳಿಯಲೆಂದೇ ಬಂದಿದ್ದ.

“ಅದ್ಹೆಂಗ ತಂಗಿ? ಎರಡು ವರ್ಷ ಆತು, ಜ್ವಾಳದ ಸಸಿ ಎಲಿ ನ್ಯಾರಳೆ ಆಗಾಕತ್ತಾವು. ಮ್ಯಾಲ ಏಳವಲ್ಲವು. ಏನೋ ಕಡಿಮಿ ಐತಿ.”

“ಎಲಿ ನೋಡಿ ಹೇಳ್ಲಿಕ್ಕೆ ನೀ ಏನ್ ಸೈಂಟಿಸ್ಟ್ ಏನು? ನಿನಗ ಓದ್ಲಿಕ್ಕೇ ಬರಂಗಿಲ್ಲ.”

ಶಂಕ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಖರೆ ಐತಿ, ನನಗ ಓದಾಕ ಬರಂಗಿಲ್ಲ,” ಎಂದಳು.

ಕಿಟ್ ಜೊತೆ ಅಪ್ಪ ಎಂಟು ಪ್ರಶ್ನೆಗಳ ಒಂದು ಹಾಳೆ ಇಟ್ಟಿದ್ದರು. ಮಣ್ಣು ಎಲ್ಲಿಂದ ತೆಗೆದಿರಿ, ಎಷ್ಟು ಆಳ, ಯಾವುದರಲ್ಲಿ ತಂದಿರಿ, ಹಿಂದಿನ ಬೆಳೆ ಹೇಗಿತ್ತು. ಮೊದಲು ಇದನ್ನು ಕೇಳಬೇಕು, ಆಮೇಲೆ ಶೀಶೆ. ಸುಹಾಸಿನಿಗೆ ಅದು ಬೋರ್. ಒಂದನ್ನೂ ಕೇಳದೆ ಎಂಟಕ್ಕೂ ಪೆನ್ಸಿಲಿನಲ್ಲಿ ರೈಟ್ ಹಾಕಿದಳು. ಕಂಪ್ಯೂಟರಿನಲ್ಲಿ ‘ಡಿಎಪಿ ಬೇಡ’ ಎಂದು ದಪ್ಪಕ್ಷರದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದುಕೊಟ್ಟಳು.

ಕೆಳಗೆ ನಿಂತಿದ್ದ ಹಂಪಯ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಮಷೀನೇ ಬರದೈತಿ ಅಂದ್ರ ಮುಗೀತು ಬಿಡಕ್ಕ,” ಎಂದು ಮಡಚಿ ಜೇಬಿಗಿಟ್ಟ. ಅಕ್ಕ ತಮ್ಮ ಬಸ್‌ಸ್ಟಾಪಿನ ಕಡೆ ಹೊರಟರು.

ಉಳಿದ ಮಣ್ಣನ್ನು ಕ್ಲಾಸಿನಲ್ಲಿ ತೋರಿಸಿ ಮೆರೆಯಬೇಕೆಂದು ಸುಹಾಸಿನಿ ಚೀಲವನ್ನು ಪೇಪರಿನ ಮೇಲೆ ಸುರಿದಳು. ಕಪ್ಪು ಮಣ್ಣಿನ ನಡುವೆ ಬೂದು ಬಣ್ಣದ ಹರಳುಗಳು ಉದುರಿದವು. ಚೀಲದ ಹೊಲಿಗೆಯಲ್ಲೂ ಅವೇ ಸಿಕ್ಕಿಕೊಂಡಿದ್ದವು. ಚೀಲವನ್ನು ಅಗಲಿಸಿ ನೋಡಿದಳು. ಮಾಸಿದ್ದರೂ ಅಂಗೈಯಷ್ಟು ದೊಡ್ಡ ಅಕ್ಷರಗಳು: ಡಿಎಪಿ.

ಬಾಲ್ಕನಿಯ ತುಳಸಿ ಕುಂಡದ ಮಣ್ಣು ಪರೀಕ್ಷಿಸಿದಳು. ಬಿಳಿಚಿಕೊಂಡಿತು. ಅದೇ ಮಣ್ಣನ್ನು ಚೀಲಕ್ಕೆ ಹಾಕಿ ಕುಲುಕಿ ಮತ್ತೆ ಪರೀಕ್ಷಿಸಿದಳು. ಕಡು ನೀಲಿ. ನೀಲಿ ಬಂದದ್ದು ಹೊಲದಿಂದಲ್ಲ, ಗೊಬ್ಬರದ ಚೀಲದಿಂದ. ಆ ಚೀಲ ಬೆಳಿಗ್ಗೆಯಿಂದ ಕಣ್ಣೆದುರಿಗೇ ಇತ್ತು. ಓದಲು ಬರುವವಳು ಅಲ್ಲಿ ಅವಳೊಬ್ಬಳೇ ಇದ್ದಳು.

ಸುಹಾಸಿನಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಜಾವಾ ಕಲಿಸುವ ಕಂಪ್ಯೂಟರ್ ಸೆಂಟರಿನ ಬೋರ್ಡಿನ ಕೆಳಗೆ ಹಂಪಯ್ಯ ಅಕ್ಕನ ಜೊತೆ ಇನ್ನೂ ಬಸ್ಸಿಗೆ ಕಾಯುತ್ತಿದ್ದ.

“ಆ ಪೇಪರ್ ಕೊಡ್ರಿ. ಅದು ತಪ್ಪದ. ಚೀಲದಾಗ ಗೊಬ್ಬರ ಇತ್ತು. ನಾ ನೋಡ್ಲೇ ಇಲ್ಲ.”

“ಝಾಡಿಸೇ ತಂದಿದ್ನಲ್ಲವಾ,” ಎಂದ ಹಂಪಯ್ಯ. “ಊರಾಗ ರೊಟ್ಟಿ ಗಂಟಿಂದ ಹಿಡದು ಎಲ್ಲಾ ಅದರಾಗ ಒಯ್ತೀವಿ. ಆ ಚೀಲ ಬಾಜೂ ಹೊಲದೋರದು. ಮತ್ತ ಈಗ ನಾ ಡಿಎಪಿ ತರ್ಲೋ ಬ್ಯಾಡೋ?”

ಗೊತ್ತಿಲ್ಲ ಎನ್ನುವ ಮಾತು ಸುಹಾಸಿನಿಗೆ ರೂಢಿಯಿರಲಿಲ್ಲ.

“ಗೊತ್ತಿಲ್ರಿ,” ಎಂದಳು ಕೊನೆಗೆ. “ಸಂಜಿಗೆ ಅಪ್ಪನ್ನ ಕೇಳ್ತೀನಿ.”

ಶಂಕ್ರಮ್ಮ ತಮ್ಮನ ಜೇಬಿನಿಂದ ಪ್ರಿಂಟ್ ತೆಗೆದು ಅವಳ ಕೈಗಿಟ್ಟಳು. “ನಾಳೆ ಮುಂಜಾನಿ ಹೋಗುವಂತಿ, ನಡಿ,” ಎಂದು ಹಂಪಯ್ಯನನ್ನು ಹೊರಡಿಸಿದಳು. ಸುಹಾಸಿನಿಯ ಮುಖ ನೋಡಲಿಲ್ಲ.

ಮನೆಗೆ ಬಂದು ಸುಹಾಸಿನಿ ರಬ್ಬರ್ ಹುಡುಕಿದಳು. ಎಂಟು ರೈಟುಗಳನ್ನೂ ಅಳಿಸಿದಳು. ಹಾಳೆ, ಪೆನ್ಸಿಲ್ ಹಿಡಿದು ಕೆಳಗಿಳಿದಳು. ಶಂಕ್ರಮ್ಮ ಎರಡನೇ ಅಂತಸ್ತಿನ ಮೆಟ್ಟಿಲು ಗುಡಿಸುತ್ತಿದ್ದಳು.

“ಶಂಕ್ರಮ್ಮಾರೆ, ಎಲಿ ಪೂರ್ತಿ ನ್ಯಾರಳೆ ಆಗ್ತಿತ್ತೋ, ಬರೀ ಅಂಚೋ? ನೀವು ಹೇಳ್ರಿ, ನಾ ಬರ್ಕೋತೀನಿ.”

ಶಂಕ್ರಮ್ಮ ಕಸಬರಿಗೆಯನ್ನು ಗೋಡೆಗೆ ಆನಿಸಿ ಮೆಟ್ಟಿಲ ಮೇಲೆ ಕುಳಿತಳು. ಸುಹಾಸಿನಿ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕುಳಿತಳು.

“ಮೊದಲ ಅಂಚು,” ಎಂದಳು ಶಂಕ್ರಮ್ಮ. “ಬರಿ.”